ಸೂರಿನ ಕೆಳಗಿನ ತಾಪ: ಅಳತೆ, ಅರಿವು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಊರಿನಲ್ಲಿ ಮಳೆ ಎಷ್ಟು ಬಿತ್ತೆಂಬ ಪ್ರಶ್ನೆಗೆ ಇಂದು ಪಂಚಾಯಿತಿ ಮಟ್ಟದಲ್ಲಿಯೇ ಉತ್ತರ ದೊರೆಯುತ್ತದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರು ಪಡೆದ ಸಂಸ್ಥೆಯು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನೂ ಸ್ಥಾಪಿಸಿದೆ. ಬಿಸಿಲಿನಿಂದಲೇ ವಿದ್ಯುತ್ ಪಡೆಯುವ ಆ ಪೆಟ್ಟಿಗೆಗಳು 15 ನಿಮಿಷಕ್ಕೊಮ್ಮೆ ತಮ್ಮ ಅಳತೆಯನ್ನು ಬೆಂಗಳೂರಿಗೆ ತಲುಪಿಸುತ್ತವೆ. ಬೆಳೆ ವಿಮೆ, ಬರ ಘೋಷಣೆ, ಪರಿಹಾರ ಇವೆಲ್ಲಕ್ಕೂ ಆ ಅಂಕಿಗಳು ಆಧಾರವಾಗುತ್ತವೆ. ಅಳತೆ ಇರುವಲ್ಲಿ ವಾದ ಕಡಿಮೆಯಾಗಿ ಕೆಲಸ ಹೆಚ್ಚುತ್ತದೆ ಎಂಬುದನ್ನು ಸದಸ್ಯರು ಸ್ವಂತ ಅನುಭವದಿಂದಲೇ ಬಲ್ಲರು.

ಆದರೆ ಅದೇ ಊರಿನ ಅಂಗನವಾಡಿಯ ಕೊಠಡಿಯೊಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ 2 ಗಂಟೆಗೆ ಎಷ್ಟು ಡಿಗ್ರಿ ತಾಪವಿತ್ತು? ಶೀಟು ಹೊದಿಸಿದ ಮನೆಯಲ್ಲಿ ಹಾಸಿಗೆ ಹಿಡಿದಿರುವ ವೃದ್ಧರ ಮೇಲೆ ಎಷ್ಟು ಬಿಸಿ ಇಳಿಯಿತು? ಈ ಪ್ರಶ್ನೆಗಳಿಗೆ ಯಾವ ಕಡತದಲ್ಲಿಯೂ ಉತ್ತರವಿಲ್ಲ. ಪಕ್ಕದ ಪಾವಗಡದ ತಿರುಮಣಿ ಸುತ್ತಲಿನ ಸುಮಾರು 13,000 ಎಕರೆಯಲ್ಲಿ ಬಿದ್ದ ಬಿಸಿಲು 2,050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ತಾಗಿ ಲೆಕ್ಕಕ್ಕೆ ಬರುತ್ತದೆ. ಮನೆಯ ಸೂರಿನ ಮೇಲೆ ಬಿದ್ದು ಒಳಗಿಳಿಯುವ ಬಿಸಿಲಿಗೆ ಮಾತ್ರ ಲೆಕ್ಕವಿಲ್ಲ. ಆ ಲೆಕ್ಕವನ್ನು ಕಡಿಮೆ ಖರ್ಚಿನಲ್ಲಿ ಇಡುವುದು ಹೇಗೆ, ಇಟ್ಟ ಮೇಲೆ ಅದರಿಂದ ಏನು ಮಾಡಬೇಕು ಎಂಬುದೇ ಈ ಉಪನ್ಯಾಸದ ವಿಷಯ.

1. ಹೊರಗಿನ ಉಷ್ಣಾಂಶ, ಒಳಗಿನ ಉಷ್ಣಾಂಶ

ಪತ್ರಿಕೆಯಲ್ಲಿ ಪ್ರಕಟವಾಗುವ ಉಷ್ಣಾಂಶವು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದ ಉಷ್ಣಾಂಶ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಏರಿದಾಗ ಭಾರತೀಯ ಹವಾಮಾನ ಇಲಾಖೆಯು ಅದನ್ನು ಸಾಮಾನ್ಯವಾಗಿ ಬಿಸಿಗಾಳಿಯ ಸ್ಥಿತಿ ಎಂದು ಪರಿಗಣಿಸುತ್ತದೆ. ಹೊರಗೆ 37 ಡಿಗ್ರಿ ಇರುವ ದಿನ ಯಾವ ಎಚ್ಚರಿಕೆಯೂ ಹೊರಡುವುದಿಲ್ಲ. ಆದರೆ ಅದೇ ದಿನ ಕಿಟಕಿ ಮುಚ್ಚಿದ, ಶೀಟು ಹೊದಿಸಿದ ಕೊಠಡಿಯ ಒಳಗಿನ ತಾಪವು ಹೊರಗಿನದನ್ನು ಮೀರಬಲ್ಲದು. ಶೀಟಿನ ಮೇಲ್ಮೈ ಬಿಸಿಲಿಗೆ ಕಾದು, ಒಲೆಯ ಮೇಲಿಟ್ಟ ಹಂಚಿನಂತೆ ಕೆಳಗಿರುವವರ ಮೇಲೆ ನೇರವಾಗಿ ಶಾಖವನ್ನು ಬೀರುವುದೇ ಇದಕ್ಕೆ ಕಾರಣ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೆನೆಯಬಹುದು. ತೊಲೆ ಜಂತೆಗಳ ಮೇಲೆ ದಪ್ಪನಾಗಿ ಮಣ್ಣು ಹಾಸಿ, ಮೇಲೆ ಚೌಳು ಮಣ್ಣು ಬಡಿದು ಕೂರಿಸಿದ ಸೂರು ಬಿಸಿಲನ್ನು ಬಹಳ ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಮಧ್ಯಾಹ್ನ ಸೂರನ್ನು ಹೊಕ್ಕ ಶಾಖವು ಕೆಳಭಾಗವನ್ನು ತಲುಪುವ ವೇಳೆಗೆ ಹೊರಗೆ ತಂಪು ಗಾಳಿ ಬೀಸತೊಡಗಿರುತ್ತದೆ. ತೆಳುವಾದ ಕಾಂಕ್ರೀಟು ತಾರಸಿ ಹೀಗಲ್ಲ. ಅದು ಹಗಲಿನಲ್ಲಿ ಹೀರಿದ ಶಾಖವನ್ನು ಸಂಜೆ ಮತ್ತು ರಾತ್ರಿಯ ಮೊದಲ ಜಾವದಲ್ಲಿ, ಮನೆಮಂದಿ ಮಲಗುವ ಹೊತ್ತಿಗೆ ಸರಿಯಾಗಿ ಒಳಗೆ ಬಿಡುತ್ತದೆ. ಶೀಟು ಹಗಲಿನಲ್ಲಿ ಸುಡುತ್ತದೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣಿಯುತ್ತದೆ. ಆದ್ದರಿಂದ ಯಾವ ಸೂರು ಒಳ್ಳೆಯದೆಂಬ ಪ್ರಶ್ನೆಗೆ ಮಧ್ಯಾಹ್ನದ ಒಂದೇ ಅಳತೆ ಉತ್ತರ ಕೊಡಲಾರದು. ಅಂಗನವಾಡಿಗೆ ಹಗಲಿನ ತಾಪ ಮುಖ್ಯ, ವಾಸದ ಮನೆಗೆ ರಾತ್ರಿಯ ತಾಪವೂ ಅಷ್ಟೇ ಮುಖ್ಯ. ಹಗಲು ದಣಿದ ದೇಹ ರಾತ್ರಿಯಾದರೂ ತಣಿಯದಿದ್ದರೆ ಮರುದಿನದ ಬಿಸಿಲು ಇಮ್ಮಡಿ ಭಾರವಾಗುತ್ತದೆ. ಈ ಕಾರಣಕ್ಕಾಗಿಯೇ 24 ಗಂಟೆಯೂ ಅಳೆಯುವ ಉಪಕರಣ ಬೇಕಾಗುತ್ತದೆ.

2. ಜಿಲ್ಲೆಯದೇ ಒಂದು ಪಾಠ

ಅಳೆದು ನಂತರ ಪರಿಹಾರ ಹುಡುಕುವ ಕ್ರಮ ತುಮಕೂರು ಜಿಲ್ಲೆಗೆ ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ಕ್ಷೇತ್ರ ಕೇಂದ್ರವನ್ನು ತೆರೆಯಿತು. ಸುತ್ತಲಿನ 6 ಹಳ್ಳಿಗಳಲ್ಲಿ ಮನೆಮನೆಗೆ ಎಷ್ಟು ಸೌದೆ ಬೇಕಾಗುತ್ತದೆ, ಅದನ್ನು ತರಲು ಹೆಣ್ಣುಮಕ್ಕಳು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಅಲ್ಲಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿದವರೂ ಅವರೇ. ಮನೆ ಕಟ್ಟಲು ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ತಂತ್ರವೂ ಇದೇ ಬಳಗದಿಂದ ಬಂದಿತು. ಮುಂದೆ ಇದೇ ವಿಜ್ಞಾನ ಸಂಸ್ಥೆಯ ಸಂಶೋಧಕರು ಸುಗ್ಗೇನಹಳ್ಳಿಯ ಸಾಂಪ್ರದಾಯಿಕ ಮನೆಗಳು ಹವಾಮಾನಕ್ಕೆ ಹೇಗೆ ಸ್ಪಂದಿಸುತ್ತವೆ, ಒಳಗೆ ವಾಸಿಸುವವರಿಗೆ ಎಷ್ಟು ಹಿತವಾಗಿರುತ್ತವೆ ಎಂಬುದನ್ನು ಅಧ್ಯಯನ ಮಾಡಿದರು. ಆ ದಿನಗಳಲ್ಲಿ ಇಂತಹ ಅಳತೆಗೆ ದುಬಾರಿ ಉಪಕರಣ ಬೇಕಿತ್ತು, ವಿಜ್ಞಾನಿಗಳೇ ಹಳ್ಳಿಗೆ ಬರಬೇಕಿತ್ತು. ಇಂದು ಅದೇ ಕೆಲಸವನ್ನು ಗ್ರಾಮ ಪಂಚಾಯಿತಿಯೇ ಮಾಡಿಕೊಳ್ಳುವಷ್ಟು ಉಪಕರಣ ಅಗ್ಗವಾಗಿದೆ.

3. ಉಪಕರಣದ ಪರಿಚಯ

ಉಷ್ಣಾಂಶ ಸಂವೇದಕದ ಘಟಕದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ತಾಪವನ್ನು ಗ್ರಹಿಸುವ ಕಣ. ಡಿಎಸ್18ಬಿ20 ಎಂಬ ಚಿಪ್ಪು ಬೆರಳಿನ ಉಗುರಿಗಿಂತ ಚಿಕ್ಕದು, ಸಾಮಾನ್ಯ ಬಳಕೆಯ ವ್ಯಾಪ್ತಿಯಲ್ಲಿ ಅರ್ಧ ಡಿಗ್ರಿಯೊಳಗಿನ ನಿಖರತೆ ಹೊಂದಿದೆ. ಡಿಎಚ್‌ಟಿ22 ಎಂಬ ಇನ್ನೊಂದು ಬಗೆಯು ಉಷ್ಣಾಂಶದೊಡನೆ ಗಾಳಿಯ ತೇವಾಂಶವನ್ನೂ ಅಳೆಯುತ್ತದೆ. ಎರಡನೆಯದು ಆ ಅಳತೆಯನ್ನು ಓದಿ ಕಳುಹಿಸುವ ಪುಟ್ಟ ಗಣಕ. ವೈಫೈ ಇರುವ ಇಎಸ್‌ಪಿ8266 ಅಥವಾ ಇಎಸ್‌ಪಿ32 ಎಂಬ ಫಲಕಗಳು ಇದಕ್ಕೆ ಸಾಕು. ಮೂರನೆಯದು ವಿದ್ಯುತ್ತಿನ ಮೂಲ. ಬಿಡಿಭಾಗಗಳ ಬೆಲೆ ಕೆಲವು ನೂರು ರೂಪಾಯಿಗಳ ಮಟ್ಟದಲ್ಲಿದೆ. ಐಟಿಐ ಅಥವಾ ಪಾಲಿಟೆಕ್ನಿಕ್ ಓದುವ ಊರಿನ ಮಕ್ಕಳು ಇವನ್ನು ಜೋಡಿಸಬಲ್ಲರು.

ಅಂಕಿಗಳನ್ನು ಒಂದೆಡೆ ಸೇರಿಸಲು ಮೂರು ದಾರಿಗಳಿವೆ. ಪಂಚಾಯಿತಿ ಕಚೇರಿ ಅಥವಾ ಅರಿವು ಕೇಂದ್ರದ ಅಂತರ್ಜಾಲ ತಲುಪುವ ಹತ್ತಿರದ ಕಟ್ಟಡಗಳಿಗೆ ವೈಫೈ ಸಾಕಾಗುತ್ತದೆ. ಒಂಟಿಯಾಗಿ ನಿಂತ ಕಟ್ಟಡಕ್ಕೆ ಸಿಮ್ ಹಾಕುವ ಘಟಕ ಸೂಕ್ತ, ಆದರೆ ಅದಕ್ಕೆ ಮಾಸಿಕ ಖರ್ಚು ಇದೆ. ಚದುರಿದ ಹಟ್ಟಿಗಳಿಗೆ ಲೋರಾ ಎಂಬ ರೇಡಿಯೋ ವಿಧಾನವಿದೆ. ಇದು ಬಯಲಿನಲ್ಲಿ ಕೆಲವು ಕಿಲೋಮೀಟರ್ ದೂರದವರೆಗೆ ಅತ್ಯಲ್ಪ ವಿದ್ಯುತ್ತಿನಲ್ಲಿ ಸಂದೇಶ ತಲುಪಿಸುತ್ತದೆ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರವನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದಾಗಿದೆ. ಗುಡ್ಡ ಅಥವಾ ದಟ್ಟ ಮರಗಳು ಅಡ್ಡ ಬಂದರೆ ದೂರ ಕುಗ್ಗುತ್ತದೆ. 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾದ ಬುಕ್ಕಾಪಟ್ಟಣದ ಕಾಡಂಚಿನ ಹಳ್ಳಿಗಳಲ್ಲಿ ಮೊದಲು ಪರೀಕ್ಷಿಸಿ ನೋಡಿಯೇ ಮುಂದುವರಿಯುವುದು ಲೇಸು.

ಘಟಕ ಅಳವಡಿಸುವಾಗ ಗಮನಿಸಬೇಕಾದ ಅಂಶಗಳು:

ಅ) ನೆಲದಿಂದ 1ರಿಂದ 1.5 ಮೀಟರ್ ಎತ್ತರದಲ್ಲಿ, ಬಿಸಿಲು ಬೀಳದ ಒಳಗೋಡೆಯ ಮೇಲೆ, ಒಲೆ, ದೀಪ ಮತ್ತು ಟಿವಿಯಿಂದ ದೂರವಾಗಿ ಇಡಬೇಕು. ಗಣಕದ ಫಲಕವೂ ತುಸು ಬಿಸಿಯಾಗುವುದರಿಂದ ಸಂವೇದಕವು ಅದಕ್ಕೆ ಅಂಟಿಕೊಂಡಿರಬಾರದು.

ಆ) ಅಳವಡಿಸುವ ಮುನ್ನ ಎಲ್ಲ ಸಂವೇದಕಗಳನ್ನೂ ಒಂದೇ ಮೇಜಿನ ಮೇಲೆ ಒಂದು ದಿನ ಇಟ್ಟು ಹೋಲಿಸಬೇಕು. ಉಳಿದವುಗಳಿಂದ 1 ಡಿಗ್ರಿಗಿಂತ ಹೆಚ್ಚು ದೂರ ಹೋದುದನ್ನು ಬದಿಗಿಡಬೇಕು. ನೀರು ತಾಗದ ಕವಚವಿರುವ ಸಂವೇದಕವನ್ನು ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿಟ್ಟರೆ 0 ಡಿಗ್ರಿಯ ಸಮೀಪ ತೋರಿಸಬೇಕು.

ಇ) 15 ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 96 ಅಂಕಿಗಳಾಗುತ್ತವೆ. ಕಟ್ಟಡದ ತಾಪ ತಿಳಿಯಲು ಇಷ್ಟು ಸಾಕು.

ಈ) ವಿದ್ಯುತ್ ಹೋದ ಹೊತ್ತಿನ ಅಳತೆ ಬಹಳ ಮುಖ್ಯ. ಫ್ಯಾನು ನಿಂತಾಗಲೇ ತೊಂದರೆ ಹೆಚ್ಚುವುದು. ಆದ್ದರಿಂದ ಬ್ಯಾಟರಿ ಇರಲೇಬೇಕು. ಅಂಕಿ ಬಾರದ ಅವಧಿಯನ್ನು ಖಾಲಿಯಾಗಿಯೇ ತೋರಿಸಬೇಕು, ಅಂದಾಜಿನಿಂದ ತುಂಬಬಾರದು.

4. ಅಂಕಿಯನ್ನು ಓದುವ ಬಗೆ

ಒಂದು ಅಂಗನವಾಡಿಯ ಸೂರಿಗೆ ಸುಣ್ಣ ಬಳಿಸಲಾಯಿತು, ಮರುವಾರ ಒಳಗಿನ ತಾಪ ಇಳಿಯಿತು ಎಂದುಕೊಳ್ಳೋಣ. ಅದು ಸುಣ್ಣದ ಫಲವೋ, ನಡುವೆ ಬಿದ್ದ ಒಂದು ಮಳೆಯ ಫಲವೋ? ಒಂದೇ ಕಟ್ಟಡದ ಅಳತೆಯಿಂದ ಇದನ್ನು ಹೇಳಲಾಗದು. ಅದಕ್ಕಾಗಿ ಒಂದೇ ಬಗೆಯ ಎರಡು ಕಟ್ಟಡಗಳನ್ನು ಆರಿಸಿ, ಎರಡರಲ್ಲಿಯೂ 10 ದಿನ ಅಳೆಯಬೇಕು. ನಂತರ ಒಂದಕ್ಕೆ ಮಾತ್ರ ಸುಣ್ಣ ಬಳಿದು ಮತ್ತೆ 10 ದಿನ ಎರಡನ್ನೂ ಅಳೆಯಬೇಕು. ಮೊದಲು ಎರಡೂ ಸಮವಾಗಿದ್ದು, ನಂತರ ಸುಣ್ಣ ಬಳಿದದ್ದು 3 ಡಿಗ್ರಿ ತಂಪಾಗಿದ್ದರೆ ಆ 3 ಡಿಗ್ರಿಯನ್ನು ಸುಣ್ಣದ ಲೆಕ್ಕಕ್ಕೆ ಬರೆಯಬಹುದು. ಮೊದಲೇ ಅದು 2 ಡಿಗ್ರಿ ತಂಪಾಗಿದ್ದರೆ ಸುಣ್ಣದ ಪಾಲು 1 ಡಿಗ್ರಿ ಮಾತ್ರ. ಈ ಸರಳ ಕ್ರಮ ಅನುಸರಿಸಿದ ಪಂಚಾಯಿತಿಯು ಉಳಿದ ಕಟ್ಟಡಗಳಿಗೆ ಹಣ ವಿನಿಯೋಗಿಸುವಾಗ ಗ್ರಾಮ ಸಭೆಯ ಮುಂದೆ ಧೈರ್ಯವಾಗಿ ನಿಲ್ಲಬಹುದು.

ತೇವಾಂಶವನ್ನೂ ಜೊತೆಗೇ ಓದಬೇಕು. ನೀರು ಆರುವಾಗ ಶಾಖವನ್ನು ಹೀರುವುದರಿಂದಲೇ ಕೂಲರು ಗಾಳಿಯನ್ನು ತಂಪು ಮಾಡುತ್ತದೆ. ಗಾಳಿ 38 ಡಿಗ್ರಿ ಇದ್ದು ತೇವಾಂಶ ಶೇ. 25 ಇದ್ದರೆ, ಹೀಗೆ ತಂಪಾಗುವ ಕೊನೆಯ ಮಿತಿ ಸುಮಾರು 23 ಡಿಗ್ರಿ. ಅಂದರೆ ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಕೂಲರಿಗೆ ಒಳ್ಳೆಯ ಅವಕಾಶವಿದೆ. ಗಾಳಿ 30 ಡಿಗ್ರಿ ಇದ್ದು ತೇವಾಂಶ ಶೇ. 80 ಇದ್ದರೆ ಆ ಮಿತಿ ಸುಮಾರು 27 ಡಿಗ್ರಿ. ಮಳೆಗಾಲದ ಸೆಕೆಯಲ್ಲಿ ಕೂಲರು ತೇವವನ್ನಷ್ಟೇ ಹೆಚ್ಚಿಸುತ್ತದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಕೊಠಡಿಯ ತಾಪ ಮೈಚರ್ಮದ ತಾಪವಾದ ಸುಮಾರು 35 ಡಿಗ್ರಿಯನ್ನು ಮೀರಿದ ಮೇಲೆ ಫ್ಯಾನೊಂದನ್ನೇ ನಂಬುವುದು ಸರಿಯಲ್ಲ. ಚಿಕ್ಕ ಮಕ್ಕಳಿಗೂ ವೃದ್ಧರಿಗೂ ನೀರು, ಒದ್ದೆ ಬಟ್ಟೆ ಮತ್ತು ತಂಪಾದ ಬೇರೆ ಸ್ಥಳ ಬೇಕಾಗುತ್ತದೆ. ದೇಹದ ಒಳತಾಪ 40 ಡಿಗ್ರಿ ಮುಟ್ಟಿ ಪ್ರಜ್ಞೆ ಮಸುಕಾದರೆ ಅದು ಪ್ರಾಣಾಪಾಯ. ಕೂಡಲೇ ಮೈ ತಣಿಸುತ್ತಾ 108 ವಾಹನಕ್ಕೆ ಕರೆ ಮಾಡತಕ್ಕದ್ದು.

5. ಹುಳು ಮನೆ ಮತ್ತು ಲಸಿಕೆಯ ಪೆಟ್ಟಿಗೆ

ಮನೆಯ ತಾಪವನ್ನು ಏರಿಸುವ, ಇಳಿಸುವ ಕೆಲಸವನ್ನು ಹಳ್ಳಿಯಲ್ಲಿ ಅತ್ಯಂತ ಶಿಸ್ತಿನಿಂದ ಮಾಡುವವರು ರೇಷ್ಮೆ ಬೆಳೆಗಾರರು. ಹುಳುವಿನ ಮೊದಲ ಹಂತಕ್ಕೆ 28 ಡಿಗ್ರಿ, ಎರಡನೆಯದಕ್ಕೆ 27, ಮೂರನೆಯದಕ್ಕೆ 26, ನಾಲ್ಕನೆಯದಕ್ಕೆ 25, ಐದನೆಯದಕ್ಕೆ 24 ಡಿಗ್ರಿ ತಾಪವನ್ನು ಶಿಫಾರಸು ಮಾಡಲಾಗಿದೆ. ತೇವಾಂಶವು ಚಾಕಿ ಹುಳುವಿಗೆ ಶೇ. 85ರಿಂದ 90 ಇದ್ದು, ಕೊನೆಯ ಹಂತಕ್ಕೆ ಶೇ. 65ರಿಂದ 70ಕ್ಕೆ ಇಳಿಯಬೇಕು. ಚಳಿಗಾಲದ ಬೆಳಗಿನ ಜಾವ ಹೀಟರು, ಬೇಸಿಗೆಯ ಮಧ್ಯಾಹ್ನ ಒದ್ದೆ ಗೋಣಿತಟ್ಟು, ಹಣ್ಣಾಗುವ ಮುನ್ನ ಗಾಳಿ ಬೆಳಕು, ಹೀಗೆ ದಿನದಿನವೂ ಬದಲಾವಣೆ ನಡೆಯುತ್ತದೆ. ತಾಪ ಏರುಪೇರಾದರೆ ಸೊಪ್ಪು ತಿನ್ನುವುದು ಕುಗ್ಗಿ, ಹಾಲುತೊಂಡೆ, ಸಪ್ಪೆರೋಗಗಳಿಗೆ ದಾರಿಯಾಗುತ್ತದೆ. ಮಿಶ್ರತಳಿಗಿಂತ ದ್ವಿತಳಿ ಹುಳು ಇದನ್ನು ಕಡಿಮೆ ತಾಳುತ್ತದೆ. ಬೆಳೆಗಾರರು ಮಲಗಿದ ರಾತ್ರಿ 3 ಗಂಟೆಗೆ ತಾಪ 20 ಡಿಗ್ರಿಗೆ ಇಳಿದರೆ, ಗೋಡೆಗೆ ತೂಗುಹಾಕಿದ ಸಾಮಾನ್ಯ ಮಾಪಕವು ಯಾರನ್ನೂ ಎಬ್ಬಿಸುವುದಿಲ್ಲ. ಮೊಬೈಲಿಗೆ ಸಂದೇಶ ಕಳುಹಿಸುವ ಸಂವೇದಕ ಎಬ್ಬಿಸುತ್ತದೆ. ಹುಳು ಮನೆಯನ್ನು ಕೆಂಡದಿಂದ ಕಾಯಿಸುವವರು ವಿಷಾನಿಲದ ಅಪಾಯವನ್ನು ಮರೆಯಬಾರದು. ಅಂತಹ ಮುಚ್ಚಿದ ಕೊಠಡಿಯಲ್ಲಿ ಯಾರೂ ಮಲಗಬಾರದು.

ಇದೇ ತಂತ್ರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಬೀತಾಗಿದೆ. ಲಸಿಕೆಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಮುಂತಾದವು ಹೆಪ್ಪುಗಟ್ಟಿದರೆ ಕೆಡುತ್ತವೆ. ಕೆಟ್ಟ ಲಸಿಕೆ ಕಣ್ಣಿಗೆ ಕಾಣುವಂತೆ ಬಣ್ಣ ಬದಲಿಸುವುದಿಲ್ಲ. ಮಗುವಿಗೆ ಚುಚ್ಚಿದ್ದಾಗುತ್ತದೆ, ರಕ್ಷಣೆ ಮಾತ್ರ ದೊರೆಯುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 2015ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ ನಂತರ ದೇಶದಾದ್ಯಂತ ವಿಸ್ತರಿಸಿದ 'ಇವಿನ್' ವ್ಯವಸ್ಥೆಯಲ್ಲಿ ಲಸಿಕೆಯ ಶೈತ್ಯ ಪೆಟ್ಟಿಗೆಗೆ ಸಿಮ್ ಇರುವ ಉಷ್ಣಾಂಶ ಮಾಪಕವನ್ನು ಜೋಡಿಸಲಾಗುತ್ತದೆ. ತಾಪ ಮಿತಿ ಮೀರಿದೊಡನೆ ಹೊಣೆಗಾರ ಸಿಬ್ಬಂದಿಗೆ ಸಂದೇಶ ಹೋಗುತ್ತದೆ. ಯಂತ್ರದ ಎಚ್ಚರಿಕೆಯು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ತಲುಪಬೇಕು, ಆ ವ್ಯಕ್ತಿ ಏನು ಮಾಡಬೇಕೆಂಬುದು ಮೊದಲೇ ಬರೆದಿರಬೇಕು. ಇವಿನ್ ವ್ಯವಸ್ಥೆಯಿಂದ ಪಂಚಾಯಿತಿಗಳು ಕಲಿಯಬೇಕಾದ ಮುಖ್ಯ ಪಾಠ ಇದು. ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗುವ ಸದಸ್ಯರು ಲಸಿಕೆ ಪೆಟ್ಟಿಗೆಯ ತಾಪದ ದಾಖಲೆಯನ್ನು ಕೇಳಿ ನೋಡುವುದು ಉಚಿತ.

6. ಹೊರನಾಡಿನ ಅನುಭವ

ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಬಾಡಿಗೆದಾರರ ಮನೆ ಬೆಚ್ಚಗಿಡುವುದು ಮಾಲೀಕರ ಕಾನೂನುಬದ್ಧ ಕರ್ತವ್ಯ. ಹಗಲಿನಲ್ಲಿ ಹೊರಗೆ ಸುಮಾರು 13 ಡಿಗ್ರಿಗಿಂತ ಕಡಿಮೆ ಇದ್ದರೆ ಒಳಗೆ 20 ಡಿಗ್ರಿ ಇರಬೇಕು. ಬಡ ಬಾಡಿಗೆದಾರರು ಚಳಿಯೆಂದು ದೂರಿದಾಗ, ತನಿಖೆಗೆ ಬಂದವರ ಮುಂದೆ ಹಿಂದಿನ ರಾತ್ರಿಯ ಚಳಿಗೆ ಸಾಕ್ಷಿ ಇರುತ್ತಿರಲಿಲ್ಲ. 2014ರಲ್ಲಿ 'ಹೀಟ್ ಸೀಕ್' ಎಂಬ ಸ್ವಯಂಸೇವಾ ತಂಡವು ಅಗ್ಗದ ಜಾಲಬದ್ಧ ಸಂವೇದಕಗಳನ್ನು ಮನೆಗಳಲ್ಲಿ ಇಟ್ಟು ಗಂಟೆಗಂಟೆಯ ದಾಖಲೆಯನ್ನು ಒದಗಿಸತೊಡಗಿತು. ಬಡವರ ದೂರಿಗೆ ಅಂಕಿಯ ಬಲ ಬಂದಿತು.

ನಮ್ಮ ದೇಶದಲ್ಲಿ 2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರವು 2013ರಲ್ಲಿ ಶಾಖ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು, ಮುಂದೆ ಬಡಾವಣೆಗಳ ಸೂರುಗಳಿಗೆ ಸುಣ್ಣ ಬಳಿಸಿತು. ನೆರೆಯ ತೆಲಂಗಾಣವು 2023ರಲ್ಲಿ ತಂಪು ಸೂರಿನ ನೀತಿಯನ್ನೇ ಪ್ರಕಟಿಸಿತು. ಬಿಳಿ ಸೂರು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ ಎಂಬ ಸರಳ ತತ್ತ್ವವೇ ಇವುಗಳ ಆಧಾರ. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳಿಗೆ ಮಾಸುತ್ತದೆ. ಆದ್ದರಿಂದ ಪ್ರತಿವರ್ಷ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬಳಿಯಬೇಕು.

7. ಗ್ರಾಮ ಪಂಚಾಯಿತಿಯ ಮುಂದಿರುವ ಕೆಲಸ

ಮೊದಲನೆಯದಾಗಿ, ಸಾರ್ವಜನಿಕ ಕಟ್ಟಡಗಳಿಂದ ಆರಂಭಿಸಬೇಕು. ಎರಡು ಅಂಗನವಾಡಿ, ಒಂದು ಶಾಲಾ ಕೊಠಡಿ, ಅರಿವು ಕೇಂದ್ರ, ಹೀಗೆ ನಾಲ್ಕು ಘಟಕಗಳು ಮೊದಲ ಬೇಸಿಗೆಗೆ ಸಾಕು. ಫೆಬ್ರವರಿಯಿಂದ ಮೇ ಕೊನೆಯವರೆಗೆ ಅಳೆದ ಅಂಕಿಗಳನ್ನು ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಆಧಾರವಾಗಿಸಬೇಕು.

ಎರಡನೆಯದಾಗಿ, ಮಿತಿ ಮತ್ತು ಕ್ರಮವನ್ನು ಮೊದಲೇ ಠರಾವಿನಲ್ಲಿ ಬರೆಯಬೇಕು. ಕೊಠಡಿಯ ತಾಪ ಎಷ್ಟು ಡಿಗ್ರಿ ಮುಟ್ಟಿದರೆ ಮಕ್ಕಳನ್ನು ಮರದ ನೆರಳಿಗೆ ಅಥವಾ ತಂಪಾದ ಕಟ್ಟಡಕ್ಕೆ ಸ್ಥಳಾಂತರಿಸಬೇಕು, ಸಂದೇಶ ಯಾರಿಗೆ ಹೋಗಬೇಕು ಎಂಬುದನ್ನು ವೈದ್ಯಾಧಿಕಾರಿ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಲಹೆ ಪಡೆದು ನಿಗದಿಪಡಿಸಬೇಕು. ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ಹೊಸ ಹೊರೆಯಾಗಬಾರದು. ಅಂಕಿ ಬರೆಯುವ ಕೆಲಸ ಯಂತ್ರದ್ದು.

ಮೂರನೆಯದಾಗಿ, ಖರ್ಚಿನ ಕ್ರಮವನ್ನು ಅಗ್ಗದಿಂದ ದುಬಾರಿಗೆ ಇಟ್ಟುಕೊಳ್ಳಬೇಕು. ರಾತ್ರಿ ಗಾಳಿಯಾಡಲು ಜಾಲರಿ ಹಾಕಿದ ಕಿಟಕಿ, ಸೂರಿಗೆ ಸುಣ್ಣ, ಶೀಟಿನ ಕೆಳಗೆ ಒಳಚಾವಣಿ, ಪಶ್ಚಿಮ ಗೋಡೆಗೆ ಹೊಂಗೆ ಬೇವಿನ ನೆರಳು, ಇವುಗಳ ಫಲವನ್ನು ಅಳೆದ ನಂತರವೇ ಕೂಲರಿನ ಮಾತು ಬರಬೇಕು. ವಸತಿ ಯೋಜನೆಯ ಫಲಾನುಭವಿಗಳು ಸೂರನ್ನು ಆರಿಸುವಾಗ ಊರಿನದೇ ಅಳತೆಗಳನ್ನು ಅವರ ಮುಂದಿಟ್ಟರೆ ಅದಕ್ಕಿಂತ ದೊಡ್ಡ ಸಲಹೆ ಬೇಕಿಲ್ಲ.

ನಾಲ್ಕನೆಯದಾಗಿ, ಖಾಸಗಿ ಮನೆಗಳಲ್ಲಿ ಘಟಕ ಇಡುವುದಾದರೆ ಮನೆಯವರ ಲಿಖಿತ ಒಪ್ಪಿಗೆ ಕಡ್ಡಾಯವಾಗಿರಬೇಕು. ಒಲೆ ಯಾವಾಗ ಉರಿಯಿತು, ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದು ತಾಪದ ಏರಿಳಿತದಿಂದಲೇ ತಿಳಿಯುವುದರಿಂದ, ಮನೆ ಮನೆಯ ಅಂಕಿ ಮನೆಯವರದೇ ಸೊತ್ತು. ಸೂಚನಾ ಫಲಕದಲ್ಲಿ ಹೆಸರಿಲ್ಲದ ಸರಾಸರಿಯನ್ನು ಮಾತ್ರ ಪ್ರಕಟಿಸತಕ್ಕದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯವೂ ಒಪ್ಪಿಗೆಯೇ ಆಗಿದೆ.

ಐದನೆಯದಾಗಿ, ನಿರ್ವಹಣೆ. ಕೆಟ್ಟು ನಿಂತ ಉಪಕರಣಕ್ಕಿಂತ ಉಪಕರಣವಿಲ್ಲದಿರುವುದೇ ಮೇಲು. ಅದು ಎಲ್ಲವೂ ಸರಿಯಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ತಿಂಗಳಿಗೊಮ್ಮೆ ಘಟಕಗಳನ್ನು ಪರೀಕ್ಷಿಸುವ ಹೊಣೆ ಒಬ್ಬರಿಗೆ ಇರಬೇಕು, ವಹಿಯಲ್ಲಿ ಸಹಿ ಬೀಳಬೇಕು, ಎರಡು ಸಂವೇದಕಗಳು ಯಾವಾಗಲೂ ಕಪಾಟಿನಲ್ಲಿ ಬಿಡಿಯಾಗಿರಬೇಕು.

ಮಾನ್ಯ ಸದಸ್ಯರೇ, ಸಂವೇದಕವು ಯಾವ ಕೊಠಡಿಯನ್ನೂ ತಂಪು ಮಾಡುವುದಿಲ್ಲ. ಎಲ್ಲಿ ಮೊದಲು ತಂಪು ಬೇಕು, ಮಾಡಿದ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಸೆಕೆಯೆಂದು ಬಾಯಿಬಿಟ್ಟು ಹೇಳಲು ಬಾರದ ಮೂರು ವರ್ಷದ ಮಗುವಿನ ಪರವಾಗಿಯೂ, ಹೇಳಿದರೆ ಕೇಳುವವರಿಲ್ಲದ ಹಿರಿಯರ ಪರವಾಗಿಯೂ ಅದು ದಿನಕ್ಕೆ 96 ಬಾರಿ ವರದಿ ಒಪ್ಪಿಸುತ್ತದೆ. ಆ ವರದಿಯನ್ನು ಓದಿ, ಸಾಮಾನ್ಯ ಸಭೆಯಲ್ಲಿ ವಿಷಯವಾಗಿ ಮಂಡಿಸಿ, ತೀರ್ಮಾನ ಕೈಗೊಳ್ಳುವ ಅಧಿಕಾರ ಗ್ರಾಮ ಪಂಚಾಯಿತಿಯದು. ಮುಂದಿನ ಬೇಸಿಗೆ ಬರುವುದಕ್ಕೆ ಮೊದಲೇ ನಾಲ್ಕು ಘಟಕಗಳೊಡನೆ ಈ ಕಾರ್ಯ ಆರಂಭವಾಗಲಿ.